ದ್ರಾಕ್ಷಿ ತೋಟದ ಹೊದಿಕೆಯೂ ಸೂರ್ಯನ ವಿದ್ಯುತ್ತೂ

ಕಳೆದ ಸಂಕ್ರಾಂತಿಯ ಕೂಟಕ್ಕೆ ಛತ್ರಪತಿ ಸಂಭಾಜಿನಗರದ ನಮ್ಮ ಕನ್ನಡ ಬಂಧುಗಳು ಒಂದು ಬಸ್ಸು ಗೊತ್ತುಮಾಡಿಕೊಂಡು ನಾಸಿಕಕ್ಕೆ ಬಂದಿದ್ದರು. ಆ ಬಸ್ಸಿನಲ್ಲಿ ನಾವೂ ಇದ್ದೆವು. ವೈಜಾಪುರ, ಯೇವಲಾ ದಾಟಿ ನಿಫಾಡದ ಸೀಮೆಯನ್ನು ಹೊಕ್ಕೊಡನೆ ರಸ್ತೆಯ ಎರಡು ಮಗ್ಗುಲಿಗೂ ದ್ರಾಕ್ಷಿ ತೋಟಗಳು. ಅವುಗಳಲ್ಲಿ ಕೆಲವಕ್ಕೆ ಸಾಲುಸಾಲಾಗಿ ತಿಳಿ ಪ್ಲಾಸ್ಟಿಕ್ಕಿನ ಹೊದಿಕೆ ಹೊದಿಸಿದ್ದರು.

"ಏನವ್ವಾ ಇದು, ದ್ರಾಕ್ಷಿ ಬಳ್ಳಿಗೂ ರೇನ್‌ಕೋಟ್ ತೊಡಿಸ್ಯಾರ!" ಎಂದರು ಮುಂದಿನ ಸಾಲಿನಲ್ಲಿದ್ದ ಅಜ್ಜಿ. ಬಸ್ಸೆಲ್ಲ ನಕ್ಕಿತು. ಆದರೆ ಅಜ್ಜಿಯ ಮಾತು ನಿಜವೇ. ಹಣ್ಣು ತುಂಬಿಕೊಳ್ಳುವ ಹೊತ್ತಿಗೆ ಅಕಾಲದ ಮಳೆಯೋ ಆಲಿಕಲ್ಲೋ ಬಿದ್ದರೆ ಕಾಯಿ ಒಡೆಯುತ್ತದೆ, ರೋಗ ತಗಲುತ್ತದೆ, ವರ್ಷದ ದುಡಿಮೆ ಒಂದು ರಾತ್ರಿಯಲ್ಲಿ ಮಣ್ಣುಪಾಲಾಗುತ್ತದೆ. ಅದಕ್ಕಾಗಿ ಈ ಹೊದಿಕೆ.

ಆಗ ಬಿ.ಎಸ್‌ಸಿ. ಓದುತ್ತಿರುವ ಹುಡುಗಿಯೊಬ್ಬಳು ಹಿಂದಿನಿಂದ ಕೇಳಿದಳು: "ಕಾಕಾ, ಕರೆಂಟ್ ಕೊಡೋ ಪ್ಲಾಸ್ಟಿಕ್ಕೂ ಐತಂತ, ನಮ್ಮ ಕಾಲೇಜಿನಾಗ ಹೇಳ್ಯಾರ. ಆ ಹಾಳೀನ ಈ ಬಳ್ಳಿ ಮ್ಯಾಲ ಹಾಸಿದ್ರ ಹ್ಯಾಂಗ?"

ಅವಳ ತಂದೆ ಈಚೆಗೆ ನಿವೃತ್ತರಾದವರು. ಅವರು ಮಾತನ್ನು ಹಿಡಿದುಕೊಂಡರು: "ಅದನ್ನ ಕೇಳಬೇಕಂತಿದ್ದೆ, ರಾಯರ. ಮಾಳಿಗಿ ಮ್ಯಾಲ ಸೋಲಾರ್ ಹಾಕಿಸಬೇಕಂತ ಪಿ.ಎಫ್. ರೊಕ್ಕ ತೆಗೆದಿಟ್ಟೀನಿ. ಈಕಿ ನೋಡಿದ್ರ, 'ತಡೀರಿ ಅಪ್ಪಾ, ಎರಡು ವರ್ಷದಾಗ ಪ್ಲಾಸ್ಟಿಕ್‌ದು ಸೋವಿ ಬರ್ತೈತಿ' ಅಂತಾಳ. ಹಾಕಿಸಲೋ, ತಡೀಲೋ?"

ಬಸ್ಸಿನ ಗದ್ದಲದಲ್ಲಿ ನಾವು ಸರಿಯಾದ ಉತ್ತರ ಕೊಡಲಿಲ್ಲ. ಕುಸುರೆಳ್ಳು ಹಂಚುವ ಸಂಭ್ರಮದಲ್ಲಿ ಮಾತು ಮರೆತೂ ಹೋಯಿತು. ಆದರೆ ಒಬ್ಬ ಗೃಹಸ್ಥರ ಉಳಿತಾಯವೂ ಒಬ್ಬ ವಿದ್ಯಾರ್ಥಿನಿಯ ಉತ್ಸಾಹವೂ ಕೂಡಿರುವ ಪ್ರಶ್ನೆಯನ್ನು ಹಾಗೆ ಬಿಡುವುದು ಸರಿಯಲ್ಲವೆಂದು ತೋರಿ, ಈ ಸಂಚಿಕೆಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ತಪ್ಪಿನಿಂದ ಹುಟ್ಟಿದ ಹಾಳೆ

ಪ್ಲಾಸ್ಟಿಕ್ಕಿಗೂ ವಿದ್ಯುತ್ತಿಗೂ ಹಗೆತನವೆಂದೇ ನಾವೆಲ್ಲ ತಿಳಿದವರು. ತಾಮ್ರದ ತಂತಿ ಮುಟ್ಟಿದರೆ ಧಕ್ಕೆ ಹೊಡೆಯುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿದರೆ ಮಗು ಮುಟ್ಟಿದರೂ ಭಯವಿಲ್ಲ. ಇದಕ್ಕೆ ಕಾರಣ ಅದರ ಒಳಗಿನ ಕಟ್ಟಡದಲ್ಲಿದೆ. ಪ್ಲಾಸ್ಟಿಕ್ ಎಂಬುದು ಪಾಲಿಮರ್. ಎಂದರೆ, ಒಂದೇ ಬಗೆಯ ಸಣ್ಣ ಅಣುಗಳು ಸಾವಿರಾರು ಸಂಖ್ಯೆಯಲ್ಲಿ ಕೈಕೈ ಹಿಡಿದು ನಿಂತ ಸರಪಳಿ. ಸಾಮಾನ್ಯ ಪ್ಲಾಸ್ಟಿಕ್ಕಿನ ಸರಪಳಿಯಲ್ಲಿ ಪ್ರತಿಯೊಂದು ಎಲೆಕ್ಟ್ರಾನೂ ತನ್ನ ಕೊಂಡಿಗೆ ಬಿಗಿದುಕೊಂಡಿರುತ್ತದೆ. ಹರಿಯತಕ್ಕ ಕಣವೇ ಇಲ್ಲವೆಂದ ಮೇಲೆ ಪ್ರವಾಹವೆಲ್ಲಿಯದು?

ಆದರೆ ಸರಪಳಿಯಲ್ಲಿರುವ ಇಂಗಾಲದ ಪರಮಾಣುಗಳ ನಡುವೆ ಒಮ್ಮೆ ಒಂಟಿ ಕೊಂಡಿ, ಒಮ್ಮೆ ಜೋಡಿ ಕೊಂಡಿ, ಮತ್ತೆ ಒಂಟಿ, ಮತ್ತೆ ಜೋಡಿ ಹೀಗೆ ಸರದಿಯಾಗಿ ಬಂದರೆ ಕಥೆ ಬದಲಾಗುತ್ತದೆ. ಜೋಡಿ ಕೊಂಡಿಯ ಎರಡನೆಯ ಎಲೆಕ್ಟ್ರಾನುಗಳ ಹಿಡಿತ ಸಡಿಲ. ಅವು ಒಂದೇ ಮನೆಗೆ ಅಂಟಿಕೊಳ್ಳದೆ ಇಡೀ ಓಣಿಯಲ್ಲಿ ಓಡಾಡಬಲ್ಲವು. ಇಂಥ ಪಾಲಿಮರು ತಾಮ್ರದಂತೆ ಪೂರ್ಣ ವಾಹಕವೂ ಅಲ್ಲ, ಬಕೀಟಿನ ಪ್ಲಾಸ್ಟಿಕ್ಕಿನಂತೆ ಪೂರ್ಣ ನಿರೋಧಕವೂ ಅಲ್ಲ. ಸಿಲಿಕಾನಿನ ಹಾಗೆ ನಡುವಿನದು, ಅರೆವಾಹಕ.

ಇದು ಬೆಳಕಿಗೆ ಬಂದ ಬಗೆ ಸ್ವಾರಸ್ಯವಾಗಿದೆ. 1967ರಲ್ಲಿ ಜಪಾನಿನ ಟೋಕಿಯೊ ನಗರದಲ್ಲಿ ಹಿಡೆಕಿ ಶಿರಕಾವಾ ಎಂಬವರ ಪ್ರಯೋಗಶಾಲೆಯಲ್ಲಿ ಪಾಲಿಅಸಿಟಿಲೀನ್ ಎಂಬ ಪಾಲಿಮರನ್ನು ತಯಾರಿಸುತ್ತಿದ್ದರು. ಪ್ರಯೋಗ ಮಾಡುತ್ತಿದ್ದವರು ವೇಗವರ್ಧಕ ದ್ರವ್ಯವನ್ನು ಬೇಕಾದುದಕ್ಕಿಂತ ಸಾವಿರ ಪಟ್ಟು ಹೆಚ್ಚಾಗಿ ಹಾಕಿಬಿಟ್ಟರು. ಎಂದಿನ ಕಪ್ಪು ಪುಡಿಯ ಬದಲು ದ್ರವದ ಮೇಲೆ ಬೆಳ್ಳಿಯಂತೆ ಹೊಳೆಯುವ ತೆಳುಹಾಳೆ ಕಟ್ಟಿತು. ನಮ್ಮಂಥ ಗುಮಾಸ್ತರು ಕಛೇರಿಯ ಲೆಕ್ಕದಲ್ಲಿ ಮೂರು ಸೊನ್ನೆ ಹೆಚ್ಚಿಗೆ ಬರೆದರೆ ಸಿಗುವುದು ಮೆಮೋ. ಶಿರಕಾವಾ ಅವರು ಆ ಹಾಳೆಯನ್ನು ಎಸೆಯದೆ ಇಟ್ಟುಕೊಂಡರು. 1975ರಲ್ಲಿ ಅಲ್ಲಿಗೆ ಬಂದಿದ್ದ ಅಲನ್ ಮ್ಯಾಕ್‌ಡಯರ್ಮಿಡ್ ಎಂಬ ರಸಾಯನಜ್ಞರು ಅದರ ಸಂಗತಿ ಕೇಳಿ ಬೆರಗಾಗಿ, ಅವರನ್ನು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಕರೆಸಿಕೊಂಡರು. ಅಲ್ಲಿ ಭೌತವಿಜ್ಞಾನಿ ಅಲನ್ ಹೀಗರ್ ಜೊತೆಗೂಡಿದರು. ಹಾಳೆಗೆ ಅಯೊಡಿನ್ ಆವಿ ತಗಲಿಸಿದಾಗ ಅದರ ವಾಹಕತೆ ಸುಮಾರು ಒಂದು ಕೋಟಿ ಪಟ್ಟು ಹೆಚ್ಚಿತು. ಇದನ್ನು 1977ರಲ್ಲಿ ಪ್ರಕಟಿಸಿದರು. 2000ದ ಇಸವಿಯಲ್ಲಿ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಹಿಮ್ರೂ ನೇಯ್ಗೆಯ ಪಾಠ

ಇನ್ನು ಬಿಸಿಲಿನ ಮಾತು. ಮನೆಯ ಮಾಳಿಗೆಗಳ ಮೇಲೆ ಕಾಣುವ ನೀಲಿ ಅಥವಾ ಕಪ್ಪು ಫಲಕಗಳು ಸಿಲಿಕಾನಿನವು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯವರು ತಮ್ಮ ಸಿಲಿಕಾನ್ ಸೌರಕೋಶವನ್ನು ಪ್ರದರ್ಶಿಸಿದಾಗ ಅದು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 6 ಪಾಲನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಇಂದು ಅಂಗಡಿಯಲ್ಲಿ ಸಿಗುವ ಒಳ್ಳೆಯ ಫಲಕಗಳು ನೂರಕ್ಕೆ 20ಕ್ಕೂ ಮೀರಿ ಮಾರ್ಪಡಿಸುತ್ತವೆ.

ಸಿಲಿಕಾನಿನಲ್ಲಿ ಬೆಳಕು ಬಿದ್ದಾಗ ಎಲೆಕ್ಟ್ರಾನು ಸಲೀಸಾಗಿ ತನ್ನ ಸ್ಥಾನ ಬಿಟ್ಟು ಹೊರಡುತ್ತದೆ. ಪಾಲಿಮರಿನಲ್ಲಿ ಹಾಗಲ್ಲ. ಎದ್ದ ಎಲೆಕ್ಟ್ರಾನೂ ಅದು ಬಿಟ್ಟು ಬಂದ ತೆರವೂ ಒಂದನ್ನೊಂದು ಸೆಳೆದುಕೊಂಡು ಜೋಡಿಯಾಗಿಯೇ ಅಲೆಯುತ್ತವೆ. ಈ ಜೋಡಿ ಹೆಚ್ಚು ದೂರ ಹೋಗಲಾರದು. ಸುಮಾರು 10 ನ್ಯಾನೋಮೀಟರ್ ಅಲೆದು ಮತ್ತೆ ಒಂದಾಗಿಬಿಡುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. ಹಾಗೆ ಒಂದಾದರೆ ಬಿಸಿಲು ವ್ಯರ್ಥ. ಅಷ್ಟರೊಳಗೆ ಎಲೆಕ್ಟ್ರಾನನ್ನು ಸೆಳೆದುಕೊಳ್ಳುವ ಇನ್ನೊಂದು ವಸ್ತು ಹತ್ತಿರದಲ್ಲಿಯೇ ಇರಬೇಕು. ಕೊಡುವವನೊಬ್ಬ, ತೆಗೆದುಕೊಳ್ಳುವವನೊಬ್ಬ.

1986ರಲ್ಲಿ ಕೊಡಾಕ್ ಸಂಸ್ಥೆಯ ಚಿಂಗ್ ಟ್ಯಾಂಗ್ ಎಂಬವರು ಇಂಥ ಎರಡು ಸಾವಯವ ವಸ್ತುಗಳನ್ನು ಚಪಾತಿಯ ಮೇಲೆ ಚಪಾತಿಯಂತೆ ಇಟ್ಟು ನೂರಕ್ಕೆ ಸುಮಾರು 1ರ ದಕ್ಷತೆ ಪಡೆದರು. ಆದರೆ ಎರಡು ಪದರಗಳು ತಗಲುವ ಜಾಗದ ಹತ್ತಿರ ಹುಟ್ಟಿದ ಜೋಡಿಗಳು ಮಾತ್ರ ಕೆಲಸಕ್ಕೆ ಬಂದವು. ಉಳಿದವು ದಾರಿಯಲ್ಲಿಯೇ ಸತ್ತವು. 1992ರಲ್ಲಿ ಹೀಗರ್ ಅವರೂ ಸೆರ್ದಾರ್ ಸಾರಿಚಿಫ್ಚಿ ಅವರೂ ಕೂಡಿ, ಕಾಲ್ಚೆಂಡಿನ ಆಕಾರದ 60 ಇಂಗಾಲ ಪರಮಾಣುಗಳ ಫುಲ್ಲರೀನ್ ಅಣುವಿಗೆ ಪಾಲಿಮರಿನಿಂದ ಎಲೆಕ್ಟ್ರಾನು ಅತಿಶೀಘ್ರವಾಗಿ ಜಿಗಿಯುವುದನ್ನು ತೋರಿಸಿದರು. ಒಂದು ಸೆಕೆಂಡನ್ನು ಲಕ್ಷ ಕೋಟಿ ಭಾಗ ಮಾಡಿದರೆ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಸಾಕು. 1995ರಲ್ಲಿ ಹೀಗರ್ ಅವರ ತಂಡ ಎರಡನ್ನೂ ಪದರವಾಗಿ ಇಡದೆ ಒಂದೇ ದ್ರಾವಣದಲ್ಲಿ ಬೆರೆಸಿ ಬಳಿಯಿತು.

ಇದನ್ನು ಅರಿಯಲು ಸಂಭಾಜಿನಗರದ ವಾಚಕರು ದೂರ ಹೋಗಬೇಕಿಲ್ಲ. ತಮ್ಮ ಊರಿನ ಹಿಮ್ರೂ ಶಾಲನ್ನು ಕೈಯಲ್ಲಿ ಹಿಡಿದು ನೋಡಲಿ. ಹತ್ತಿಯದು ಹಾಸು, ರೇಷ್ಮೆಯದು ಹೊಕ್ಕು. ಬಟ್ಟೆಯ ಯಾವ ಮೂಲೆಯಲ್ಲಿ ಬೆರಳಿಟ್ಟರೂ ಹತ್ತಿಯ ಪಕ್ಕದಲ್ಲಿ ರೇಷ್ಮೆ ಇದ್ದೇ ಇದೆ. ಆದರೂ ಹತ್ತಿಯ ಎಳೆ ಈ ಅಂಚಿನಿಂದ ಆ ಅಂಚಿನವರೆಗೆ ತುಂಡಾಗದೆ ಹೋಗುತ್ತದೆ, ರೇಷ್ಮೆಯ ಎಳೆಯೂ ಹಾಗೆಯೇ. ಪಾಲಿಮರ್ ಸೌರಕೋಶದೊಳಗೂ ಇದೇ ಆಗಬೇಕು. ಜೋಡಿ ಎಲ್ಲಿ ಹುಟ್ಟಿದರೂ ಪಕ್ಕದಲ್ಲಿ ಇನ್ನೊಂದು ವಸ್ತು ಇರಬೇಕು. ಬೇರ್ಪಟ್ಟ ಮೇಲೆ ಎಲೆಕ್ಟ್ರಾನಿಗೆ ಒಂದು ದಾರಿ, ತೆರವಿಗೆ ಒಂದು ದಾರಿ ಕಡೆಯವರೆಗೆ ಕಡಿಯದೆ ಸಿಗಬೇಕು. ಈ ನೇಯ್ಗೆಯ ಪದರದ ದಪ್ಪ ಸುಮಾರು 100 ನ್ಯಾನೋಮೀಟರ್. ತಲೆಗೂದಲಿನ ಸಾವಿರದ ಒಂದು ಪಾಲು ಎನ್ನಬಹುದು. ಆದರೆ ನೇಯುವ ಕೈಯಿಲ್ಲ. ಬಳಿದ ದ್ರಾವಣ ಒಣಗುವಾಗ ತಾನಾಗಿಯೇ ಹೆಣೆದುಕೊಳ್ಳಬೇಕು.

ಹೀಗೆ ಬೆರೆಸುವ ದಾರಿಯಿಂದ 2005ರ ಹೊತ್ತಿಗೆ ದಕ್ಷತೆ ನೂರಕ್ಕೆ 4, 5ಕ್ಕೆ ಬಂದಿತು. 2015ರ ಬಳಿಕ ಚೀನದ ವಿಜ್ಞಾನಿಗಳು ಫುಲ್ಲರೀನಿನ ಬದಲು ಬೇರೆ ಅಣುಗಳನ್ನು ಕಟ್ಟಿದ ಮೇಲೆ ಏರಿಕೆ ವೇಗವಾಯಿತು. 2019ರಲ್ಲಿ 15ನ್ನು ದಾಟಿ, ಈಗ ಪ್ರಯೋಗಶಾಲೆಯ ಚಿಕ್ಕ ಕೋಶಗಳಲ್ಲಿ 20ರ ಸಮೀಪಕ್ಕೆ ಬಂದು ನಿಂತಿದೆ. ಎಂದರೆ ದಕ್ಷತೆಯ ಲೆಕ್ಕದಲ್ಲಿ ಪ್ಲಾಸ್ಟಿಕ್ಕು ಸಿಲಿಕಾನನ್ನು ಬೆನ್ನಟ್ಟಿ ಬಂದಿದೆ.

ಇದರ ದೊಡ್ಡ ಆಕರ್ಷಣೆ ತಯಾರಿಕೆಯ ಬಗೆ. ಸಿಲಿಕಾನನ್ನು 1400 ಡಿಗ್ರಿಗೂ ಮೀರಿದ ಕಾವಿನಲ್ಲಿ ಕರಗಿಸಿ ಹರಳು ಬೆಳೆಸಬೇಕು. ಪಾಲಿಮರೋ, ದ್ರಾವಣದಲ್ಲಿ ಕರಗಿ ಶಾಯಿಯಾಗುತ್ತದೆ. ನಾಸಿಕ ರೋಡಿನಲ್ಲಿ 1928ರಿಂದ ನೋಟುಗಳು ಅಚ್ಚಾಗುತ್ತಿವೆಯಲ್ಲವೆ? ಹಾಗೆಯೇ ಸೌರಕೋಶವನ್ನೂ ಸುರುಳಿ ಹಾಳೆಯ ಮೇಲೆ ಅಚ್ಚು ಹೊಡೆಯಬಹುದೆಂಬುದು ವಿಜ್ಞಾನಿಗಳ ಆಸೆ.

ಬೆಂಗಳೂರಿನ ಕೆಲಸ

ಈ ವಿಷಯದಲ್ಲಿ ನಮ್ಮ ನಾಡಿನವರು ಹಿಂದೆ ಬಿದ್ದಿಲ್ಲವೆಂಬುದು ಹೊರನಾಡಿನಲ್ಲಿರುವ ನಮಗೆ ಹೆಮ್ಮೆಯ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸತೀಶ್ ಪಾಟೀಲರ ತಂಡ ಇಂಥ ಪಾಲಿಮರುಗಳನ್ನು ಕಟ್ಟುವ ಕೆಲಸ ನಡೆಸುತ್ತ ಬಂದಿದೆ. ಅವರು ಸರಪಳಿಯೊಳಗೆ ಹೆಣೆಯುವ ಅಣುಗಳಲ್ಲಿ ಒಂದರ ಹೆಸರು ಡೈಕೀಟೊಪಿರೊಲೊಪಿರೋಲ್. ಹೆಸರು ಕೇಳಿ ಗಾಬರಿಯಾಗಬೇಡಿ. ಇದು ಕಾರುಗಳಿಗೆ ಬಳಿಯುವ ಕಡುಗೆಂಪು ಬಣ್ಣಗಳ ಜಾತಿಯದು. 1974ರಲ್ಲಿ ಅಮೆರಿಕದಲ್ಲಿ ಬೇರೇನನ್ನೋ ತಯಾರಿಸಲು ಹೋದಾಗ ಈ ಅಣು ಸಿಕ್ಕಿತು. ನೋಡಿ, ಇದೂ ಎಡವಿ ಸಿಕ್ಕಿದ್ದೇ! ಬಿಸಿಲಿಗೆ ಬೇಗ ಮಾಸದ ಬಣ್ಣವೆಂದು ಇದು ಹೆಸರಾಯಿತು. ಈ ಅಣುವಿನಿಂದ ಕಟ್ಟಿದ, ವಿದ್ಯುತ್ಕಣಗಳು ಚುರುಕಾಗಿ ಓಡಾಡುವ ಪಾಲಿಮರೊಂದರ ವಿಷಯವನ್ನು ಪಾಟೀಲರ ತಂಡ ವಿದೇಶದ ಸಂಗಡಿಗರೊಡನೆ 2012ರಲ್ಲಿ ಪ್ರಕಟಿಸಿತು. ಅದೇ ವರ್ಷ ವಿಜ್ಞಾನ ಸಂಸ್ಥೆಯ ಮುಂದಾಳುತನದಲ್ಲಿ ಭಾರತ ಮತ್ತು ಅಮೆರಿಕಗಳ ಸೌರಶಕ್ತಿ ಸಂಶೋಧನೆಯ ಜಂಟಿ ಯೋಜನೆಯೂ ಹುಟ್ಟಿತು.

ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನ ಕೇಂದ್ರವಿದೆ, 1989ರಲ್ಲಿ ಸ್ಥಾಪನೆಯಾದದ್ದು. ಅಲ್ಲಿ ಪ್ರೊ. ಕೆ. ಎಸ್. ನಾರಾಯಣ್ ಅವರ ತಂಡ ಪಾಲಿಮರ್ ಕೋಶದ ಮೇಲೆ ಬೆಳಕಿನ ಸಣ್ಣ ಚುಕ್ಕೆಯನ್ನು ಸರಿಸುತ್ತ, ಎಲ್ಲಿ ಪ್ರವಾಹ ಹೆಚ್ಚು, ಎಲ್ಲಿ ಕಡಿಮೆ ಎಂದು ನಕ್ಷೆ ಬರೆಯುವ ವಿಧಾನಗಳಲ್ಲಿ ಪರಿಶ್ರಮ ಪಡೆದಿದೆ. ಬಟ್ಟೆಯ ಎಳೆ ಎಲ್ಲಿ ಸಡಿಲಾಗಿದೆಯೆಂದು ದೀಪ ಹಿಡಿದು ನೋಡಿದಂತೆ. ಇದೇ ತಂಡ 2014ರಲ್ಲಿ ಇನ್ನೊಂದು ಸೋಜಿಗವನ್ನು ತೋರಿಸಿತು. ಇನ್ನೂ ಬೆಳಕಿಗೆ ಸ್ಪಂದಿಸಲಾರದ ಕೋಳಿ ಭ್ರೂಣದ ಅಕ್ಷಿಪಟಲವನ್ನು ಪಾಲಿಮರ್ ಹಾಳೆಯ ಮೇಲಿಟ್ಟು ಬೆಳಕು ಹಾಯಿಸಿದಾಗ, ಹಾಳೆಯಲ್ಲಿ ಹುಟ್ಟಿದ ವಿದ್ಯುತ್ತಿನಿಂದ ಅಕ್ಷಿಪಟಲದ ನರಕೋಶಗಳು ಎಚ್ಚೆತ್ತವು. ಮಾಳಿಗೆಯ ವಿದ್ಯುತ್ತಿಗಾಗಿ ಹೊರಟ ದಾರಿ ಕುರುಡರ ಕಣ್ಣಿನ ಕಡೆಗೂ ತಿರುಗಿತು.

ಅಜಂತೆಯ ಬಣ್ಣ, ಹಗ್ಗದ ಮೇಲಿನ ಸೀರೆ

ಹಾಗಾದರೆ ಅಂಗಡಿಯಲ್ಲಿ ಏಕೆ ಸಿಗುವುದಿಲ್ಲ? ಇಲ್ಲಿಯೇ ಗಂಟು ಇರುವುದು.

ಅಜಂತೆಯ ಗೋಡೆಗಳ ಮೇಲೆ ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ ಬಳಿದ ಬಣ್ಣ ಇಂದಿಗೂ ಕಾಣುತ್ತದೆ. ಗುಹೆಯ ಕತ್ತಲೆ ಕಾಪಾಡಿತೆಂಬುದು ನಿಜ. ಆದರೆ ಆ ಬಣ್ಣಗಳು ಕೆಮ್ಮಣ್ಣು, ಹಳದಿ ಮಣ್ಣು, ನೀಲಿಕಲ್ಲುಗಳಿಂದ ಆದವೆಂಬುದೂ ಒಂದು ಕಾರಣ. ಮನೆಯ ಹಗ್ಗದ ಮೇಲೆ ದಿನವೂ ಒಣಹಾಕುವ ಸೀರೆ ಮಾತ್ರ ಒಂದು ಬೇಸಗೆಗೇ ಮಾಸುತ್ತದೆ. ಅದರ ಬಣ್ಣ ಇಂಗಾಲದ ಅಣುಗಳದು. ಬಿಸಿಲಿನ ಅತಿನೇರಿಳೆ ಕಿರಣವೂ ಗಾಳಿಯ ಆಮ್ಲಜನಕವೂ ಸೇರಿ ಆ ಅಣುಗಳನ್ನು ಕತ್ತರಿಸುತ್ತವೆ. ಸಿಲಿಕಾನು ಕಲ್ಲಿನ ಜಾತಿ, ಪಾಲಿಮರು ಸೀರೆಯ ಬಣ್ಣದ ಜಾತಿ. ಯಾವ ಬಿಸಿಲನ್ನು ಉಂಡು ಅದು ವಿದ್ಯುತ್ ಕೊಡಬೇಕೋ ಅದೇ ಬಿಸಿಲು ಅದನ್ನು ತಿನ್ನುತ್ತದೆ.

ಇದರ ಮೇಲೆ ಕಾವಿನ ಬಾಧೆ. ಮರಾಠವಾಡೆಯ ಬೇಸಗೆಯಲ್ಲಿ ಮಾಳಿಗೆಯ ಫಲಕದ ಕಾವು 60 ಡಿಗ್ರಿ ಮೀರುವುದುಂಟು. ಆ ಕಾವಿಗೆ ಅಣುಗಳು ಮೆಲ್ಲಗೆ ಸರಿದು, ಹಿಮ್ರೂವಿನಂತೆ ಹೆಣೆದಿದ್ದ ಎಳೆಗಳು ಬೇರೆಬೇರೆ ಗಂಟುಗಳಾಗಿ ಕೂಡಿಕೊಳ್ಳುತ್ತವೆ. ಗಾಳಿ, ತೇವ ಹೊಗದಂತೆ ಮೊಹರು ಮಾಡಿದರೆ ಬಾಳಿಕೆ ಹೆಚ್ಚುತ್ತದೆ. ಆದರೆ ಗಾಜಿನಲ್ಲಿ ಮುಚ್ಚಿದರೆ ಬಗ್ಗುವ ಗುಣ ಹೋಗುತ್ತದೆ, ಬಗ್ಗುವ ಒಳ್ಳೆಯ ಮುಚ್ಚಳಕ್ಕೆ ಬೆಲೆ ಹೆಚ್ಚು. ಸಿಲಿಕಾನ್ ಫಲಕಕ್ಕೆ 25 ವರ್ಷದ ಭರವಸೆ ಕೊಡುವ ಪೇಟೆಯಲ್ಲಿ ಈ ಸರಕು ಎದುರು ನಿಲ್ಲಬೇಕಾಗಿದೆ.

ನಿಲ್ಲಲು ಹೋಗಿ ಸೋತವರ ನಿದರ್ಶನವೂ ಉಂಟು. ಹೀಗರ್ ಅವರೂ ಸ್ಥಾಪಕರಲ್ಲಿ ಒಬ್ಬರಾಗಿ 2001ರಲ್ಲಿ ಅಮೆರಿಕದಲ್ಲಿ ಒಂದು ಕಂಪನಿ ಆರಂಭವಾಯಿತು. ನಮ್ಮ ಕೋನಾರ್ಕದ ಸೂರ್ಯ ದೇವಾಲಯದ ಹೆಸರನ್ನೇ ತಳೆದು 'ಕೋನಾರ್ಕಾ' ಎನಿಸಿಕೊಂಡಿತು. ಹಳೆಯ ಪೋಲರಾಯ್ಡ್ ಕಾರ್ಖಾನೆಯೊಂದನ್ನು ಹಿಡಿದು ಪ್ಲಾಸ್ಟಿಕ್ ಸೌರಹಾಳೆಯ ಸುರುಳಿಗಳನ್ನು ತಯಾರಿಸಿತು. ನೊಬೆಲ್ ಪಡೆದ ವಿಜ್ಞಾನವಿದ್ದರೂ 2012ರಲ್ಲಿ ದಿವಾಳಿಯಾಯಿತು. ಅದೇ ವರ್ಷಗಳಲ್ಲಿ ಸಿಲಿಕಾನಿನ ಬೆಲೆ ಜರ್ರನೆ ಇಳಿದದ್ದೂ ಇದಕ್ಕೆ ಸೇರಿತು.

ಬಳ್ಳಿಗೆ ಬೇಕಾದ ಬೆಳಕು

ಆದಕಾರಣ ಪ್ಲಾಸ್ಟಿಕ್ ಸೌರಹಾಳೆಯನ್ನು ಮಾಳಿಗೆಯ ಮೇಲೆ ಸಿಲಿಕಾನಿನೊಡನೆ ಕುಸ್ತಿಗೆ ಬಿಡುವುದು ತರವಲ್ಲ. ಸಿಲಿಕಾನು ಮಾಡಲಾರದ ಕೆಲಸ ಯಾವುದು ಎಂದು ಕೇಳಬೇಕು. ಹುಡುಗಿಯ ಪ್ರಶ್ನೆ ಜಾಣತನದ್ದೆಂದು ನಮಗೆ ತೋರಿದ್ದು ಇದಕ್ಕಾಗಿಯೇ.

ತುಮಕೂರು ಜಿಲ್ಲೆಯ ಪಾವಗಡದಲ್ಲಿ 2019ರ ಕೊನೆಗೆ ಪೂರ್ಣವಾದ ಸೌರ ಉದ್ಯಾನವನ್ನು ನೋಡಿ. 2050 ಮೆಗಾವಾಟ್, ಸುಮಾರು 13,000 ಎಕರೆ. ರೈತರು ಜಮೀನನ್ನು ಗೇಣಿಗೆ ಕೊಟ್ಟಿದ್ದಾರೆ. ವರ್ಷಕ್ಕಿಷ್ಟು ಹಣ ಬರುತ್ತದೆ. ಮಳೆಯಿಲ್ಲದ ಸೀಮೆಗೆ ಅದು ಆಧಾರವೇ ಸರಿ. ಆದರೆ ಸಿಲಿಕಾನ್ ಫಲಕ ಬೆಳಕನ್ನು ಬಿಡುವುದಿಲ್ಲ. ನೆಲವನ್ನೆಲ್ಲ ಅದರಿಂದ ಮುಚ್ಚಿದರೆ ಕೆಳಗೆ ಜೋಳ ಬೆಳೆಯಲಾಗದು. ನಿಫಾಡದಂಥ ಬೆಳೆಯುವ ನೆಲವನ್ನು ಹಾಗೆ ಮುಚ್ಚಲು ಯಾರ ಮನಸ್ಸು ಒಪ್ಪೀತು?

ಪಾಲಿಮರಿನ ಗುಣ ಬೇರೆ. ಸರಪಳಿಯ ಅಣುವನ್ನು ಬದಲಿಸಿ, ಬೆಳಕಿನ ಯಾವ ಬಣ್ಣವನ್ನು ಹೀರಬೇಕು, ಯಾವುದನ್ನು ಬಿಡಬೇಕು ಎಂದು ರಸಾಯನಜ್ಞರು ಗೊತ್ತುಮಾಡಬಲ್ಲರು. ಎಲೆಗೆ ಮುಖ್ಯವಾಗಿ ಬೇಕಾದುದು ಕೆಂಪು ಮತ್ತು ನೀಲಿ ಬೆಳಕು. ಹಸಿರಿನಲ್ಲಿ ಒಂದು ಪಾಲನ್ನು ಅದು ಹಿಂದಕ್ಕೆ ಎಸೆಯುತ್ತದೆ. ಎಲೆ ಹಸಿರಾಗಿ ಕಾಣುವುದು ಅದರಿಂದಲೇ. ಕಣ್ಣಿಗೆ ಕಾಣದ ಅವಕೆಂಪು ಕಿರಣದಿಂದ ಎಲೆ ಆಹಾರ ಕಟ್ಟಲಾರದು. ಎಲೆ ಬೇಡವೆಂದ ಬೆಳಕನ್ನು ಹಾಳೆ ಉಂಡು, ಬೇಕೆಂದದ್ದನ್ನು ಕೆಳಗೆ ಬಿಟ್ಟರೆ ಇಬ್ಬರಿಗೂ ಊಟ. ಅಮೆರಿಕದ ಉತ್ತರ ಕರೋಲಿನಾ ರಾಜ್ಯ ವಿಶ್ವವಿದ್ಯಾಲಯದವರು ಸಾವಯವ ಸೌರಕೋಶ ಬಿಡುವಂಥ ಬೆಳಕನ್ನೇ ಸೋಸಿ ಕೆಂಪು ಲೆಟ್ಯೂಸ್ ಸೊಪ್ಪನ್ನು ಬೆಳೆದು, ಬೆಳೆಯಲ್ಲಿ ಎಣಿಸತಕ್ಕ ಕೊರತೆ ಕಾಣಲಿಲ್ಲವೆಂದು 2021ರಲ್ಲಿ ಪ್ರಕಟಿಸಿದರು. ದ್ರಾಕ್ಷಿಯ ಮಾತು ಬೇರೆ. ಅದಕ್ಕೆ ಸಿಹಿ ಕೂಡುವುದು ಬಿಸಿಲಿನಿಂದ. ಸೊಪ್ಪಿನ ಫಲಿತಾಂಶವನ್ನು ನೇರವಾಗಿ ದ್ರಾಕ್ಷಿಗೆ ಹೊಂದಿಸುವ ಹಾಗಿಲ್ಲ.

ಇನ್ನೊಂದು ಸಂಗತಿ. ತೋಟದ ಪ್ಲಾಸ್ಟಿಕ್ ಹೊದಿಕೆಯನ್ನು ರೈತರು ಹೇಗೂ ಕೆಲವು ವರ್ಷಕ್ಕೊಮ್ಮೆ ಬದಲಿಸುತ್ತಾರೆ. ಮಾಳಿಗೆಯ ಮೇಲೆ ಐದು ವರ್ಷ ಬಾಳುವ ಫಲಕವೆಂದರೆ ನಗೆಪಾಟಲು. ಬದಲಿಸಲೆಂದೇ ಇರುವ ಹೊದಿಕೆಗೆ ಐದು ವರ್ಷ ಸಾಕಷ್ಟಾಯಿತು. ಭಾರ ತಾಳದ ತಗಡಿನ ಛಾವಣಿ, ಕಿಟಕಿಯ ಗಾಜು, ಡೇರೆ ಇಂಥವೇ ಅದರ ಸ್ಥಾನಗಳು. ಮಾಳಿಗೆಯ ಸಿಲಿಕಾನ್ ಫಲಕ ಒಂದೊಂದೂ 20 ಕಿಲೋಗಿಂತ ಹೆಚ್ಚು ತೂಗುತ್ತದೆಂಬುದನ್ನು ನೆನೆಯಿರಿ.

ಇನ್ನು ಉತ್ತರ

ಮೊದಲು ತಂದೆಯವರಿಗೆ. ತಡೆಯಬೇಡಿ, ಹಾಕಿಸಿರಿ. ನಮ್ಮ ಗುಮಾಸ್ತಗಿರಿಯ ಲೆಕ್ಕ ಹೀಗಿದೆ: ಒಂದು ಕಿಲೋವಾಟಿನ ಫಲಕ ನಮ್ಮ ಸೀಮೆಯಲ್ಲಿ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆನ್ನಿ. 3 ಕಿಲೋವಾಟಿಗೆ 12. ಎರಡು ವರ್ಷ ಕಾದರೆ ಕಳೆದುಕೊಳ್ಳುವುದು 8,760 ಯೂನಿಟ್. ತಮ್ಮ ಬಿಲ್ಲಿನ ದರದಿಂದ ಗುಣಿಸಿ ನೋಡಿರಿ. 2024ರ ಫೆಬ್ರವರಿಯಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿದ್ದರು. ಅರ್ಜಿ ಹಾಕುವ ದಿನದ ನಿಯಮವನ್ನು ವಿದ್ಯುತ್ ಕಛೇರಿಯಲ್ಲಿ ವಿಚಾರಿಸಿಕೊಳ್ಳಿರಿ. ಇನ್ನೊಂದು ಎಚ್ಚರಿಕೆ: ಬಗ್ಗುವ ಸೌರಹಾಳೆಯೆಂದು ಪೇಟೆಯಲ್ಲಿ ಮಾರುವುದರಲ್ಲಿ ಹೆಚ್ಚಿನದು ಪ್ಲಾಸ್ಟಿಕ್ಕಿನ ನಡುವೆ ಅಂಟಿಸಿದ ಸಿಲಿಕಾನೇ. ನಾವೂ ಒಮ್ಮೆ 'ಹೊಸ ಪ್ಲಾಸ್ಟಿಕ್ ಸೋಲಾರ್' ಎಂಬ ಮಾತಿಗೆ ಮರುಳಾಗಿ ಒಂದು ಹಾಳೆ ತಂದು, ಒಂದೇ ಬೇಸಗೆಯಲ್ಲಿ ಅದು ಕೆಟ್ಟು, ಮನೆಯವರಿಂದ ಅನ್ನಿಸಿಕೊಂಡಿದ್ದೇವೆ. ಭರವಸೆಯ ಕಾಗದ ಓದದೆ ಹಣ ಕೊಡಬೇಡಿ.

ಇನ್ನು ಮಗಳಿಗೆ. ತಂಗೀ, ಅಪ್ಪನನ್ನು ತಡೆಯಬೇಡ. ಆದರೆ ನಿನ್ನ ಪ್ರಶ್ನೆಯನ್ನೂ ಬಿಡಬೇಡ. ದಕ್ಷತೆಯ ಓಟ ಬಹುಮಟ್ಟಿಗೆ ಮುಗಿಯುತ್ತ ಬಂದಿದೆ. ಬಾಳಿಕೆಯ ಕೆಲಸ ಉಳಿದಿದೆ: ಬಿಸಿಲಿಗೆ ಮಾಸದ ಅಣು, ಕಾವಿಗೆ ಬಿಚ್ಚದ ನೇಯ್ಗೆ, ಬಗ್ಗಿದರೂ ಗಾಳಿ ಬಿಡದ ಮುಚ್ಚಳ. ಇದು ರಸಾಯನಶಾಸ್ತ್ರದ ಕೆಲಸ. ನಿನ್ನ ಊರಿನಲ್ಲಿಯೇ 1958ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವಿದೆ. ಪುಣೆಯಲ್ಲಿ 1950ರಿಂದ ನಡೆಯುತ್ತಿರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಪಾಲಿಮರ್ ವಿದ್ಯೆಗೆ ಹೆಸರಾದದ್ದು. ಬೆಂಗಳೂರಿನ ಎರಡು ಸಂಸ್ಥೆಗಳ ಮಾತು ಮೇಲೆಯೇ ಬಂದಿದೆ. ಎಂ.ಎಸ್‌ಸಿ.ಗೆ ಯಾವ ವಿಷಯವೆಂದು ನಿನ್ನ ತಾಯಿ ಕೂಟದಲ್ಲಿ ಕೇಳುತ್ತಿದ್ದರು. ನಮ್ಮ ಮಾತು ಕೇಳುವುದಾದರೆ ಇದನ್ನೇ ಯೋಚಿಸು.

ಅಜ್ಜಿಯವರಿಗೂ ಒಂದು ಮಾತು. ರೇನ್‌ಕೋಟ್ ಎಂದು ತಾವು ನಕ್ಕ ಆ ಹೊದಿಕೆ ಸದ್ಯಕ್ಕೆ ಮಳೆಯನ್ನಷ್ಟೇ ತಡೆಯುತ್ತದೆ. ಮೊಮ್ಮಕ್ಕಳ ಕಾಲಕ್ಕೆ ತೋಟದ ಪಂಪನ್ನು ಹಗಲಿನಲ್ಲಿ ನಡೆಸುವಷ್ಟು ವಿದ್ಯುತ್ತನ್ನೂ ಅದೇ ಕೊಟ್ಟರೆ, ರಾತ್ರಿ ಕರೆಂಟು ಬಂದಾಗ ಹಾವಿನ ಭಯದಲ್ಲಿ ನೀರು ತಿರುಗಿಸಲು ಹೋಗುವ ರೈತನ ಮನೆಯವರು ನೆಮ್ಮದಿಯಾಗಿ ಮಲಗಿಯಾರು.

ವಾಚಕರು ತಮ್ಮ ಮನೆಯ ಮಾಳಿಗೆಯ ಅನುಭವಗಳನ್ನು, ಬಿಲ್ಲಿನ ಅಂಕಿಗಳ ಸಹಿತ, ಸಂಘದ ವಿಳಾಸಕ್ಕೆ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.